ಸೋನೆ ಇಲ್ಲ

ಹುಳ ಮೇಯುವ ಸದ್ದು ಕೇಳುತ್ತಿದೆಯೇ ಎಂದು ಶಿವಲಿಂಗಮ್ಮ ಹೊರಗಿನಿಂದ ಮೂರನೆಯ ಸಲ ವಿಚಾರಿಸಿದಾಗಲೂ ಚೆಲುವಯ್ಯ, ಮೊದಲೆರಡು ಸಲ ಹೇಳಿದ್ದ ಹಾಗೆಯೇ, "ಕೇಳ್ತೈತೆ" ಅಂದುಬಿಟ್ಟ. ಅಂದ ಮೇಲೆ ಹುಳದ ಮನೆಯ ಅರೆಗತ್ತಲಲ್ಲಿ ಕೈಕಟ್ಟಿಕೊಂಡು ನಿಂತ. ಕಿಟಕಿಗಳಿಗೆ ಗೋಣಿತಾಟು, ಬಾಗಿಲಿಗೆ ನೊಣದ ಬಲೆ; ಒಳಗೆ ಬೆಳಗ್ಗೆಯೂ ಒಂದೇ, ಸಂಜೆಯೂ ಒಂದೇ. ಗೋಡೆಯಿಂದ ಗೋಡೆಗೆ ಬಿದಿರಿನ ತಟ್ಟೆಗಳು ಅಂತಸ್ತು ಅಂತಸ್ತಾಗಿ ಏರಿದ್ದವು. ಒಂದೊಂದರಲ್ಲೂ ನಾಲ್ಕನೆಯ ಸಲ ಪೊರೆ ಬಿಟ್ಟು ಬೆರಳುದ್ದ ಬೆಳೆದ ರೇಷ್ಮೆಹುಳ, ಅವುಗಳ ಮೇಲೆ ಬೆಳಗ್ಗೆ ತಾನೇ ಹರವಿದ ಹಿಪ್ಪುನೇರಳೆ ಸೊಪ್ಪು. ಅವನು ಬಗ್ಗಿ ಒಂದು ತಟ್ಟೆಯ ಅಂಚಿಗೆ ಬಲಗಿವಿ ತಾಗಿಸಿದ. ಸೊಪ್ಪಿನ ತಂಪು ಕಿವಿಗೆ ತಗುಲಿತು, ಸದ್ದು ಮಾತ್ರ ಇಲ್ಲ. ಎಡಗಿವಿ ಕೊಟ್ಟ. ಅಲ್ಲಿಯೂ ಇಲ್ಲ. ಅಲ್ಲಿದ್ದದ್ದು ಎರಡು ವರ್ಷದಿಂದ ಹೇಳದೆ ಕೇಳದೆ ತಲೆಯೊಳಗೆ ಬಂದು ಕೂತಿರುವ ಕುಂಯ್ ಎಂಬ ಅದೇ ನಾದ.

"ಜೋರಾಗಿ ಮೇಯ್ತಾವಾ?" ಎಂದಳು ಶಿವಲಿಂಗಮ್ಮ.

"ಜೋರಾಗೇ ಮೇಯ್ತಾವೆ ಕಣೆ."

ಅವಳು ಒಳಗೆ ಬರುವ ಹಾಗಿರಲಿಲ್ಲ. ಮೊನ್ನೆ ಕನಕಪುರದ ಕಡೆಯ ತವರಿನಲ್ಲಿ ಅವಳ ದೊಡ್ಡಪ್ಪ ತೀರಿಕೊಂಡಿದ್ದ, ಹೋಗಿ ಮಣ್ಣು ಹಾಕಿ ಬಂದಿದ್ದಳು. ಸಾವಿನ ಮನೆಗೆ ಹೋಗಿ ಬಂದವರು ಮೂರು ದಿನ ಹುಳದ ಮನೆ ಮೆಟ್ಟುವುದಿಲ್ಲ, ಮೆಟ್ಟಿದರೆ ಹುಳ ಕೆಡುತ್ತದೆ. ನಿಜವೋ ಸುಳ್ಳೋ, ಮೆಟ್ಟಿ ನೋಡುವ ಧೈರ್ಯ ಆ ಊರಿನಲ್ಲಿ ಯಾರಿಗೂ ಬಂದಿರಲಿಲ್ಲ. ಅವಳೇ ಬಾಗಿಲಿನಿಂದ ಮೂರು ಹೆಜ್ಜೆ ಆಚೆಗೆ ಸುಣ್ಣದಲ್ಲಿ ಗೆರೆ ಎಳೆದುಕೊಂಡು, ಅದರಾಚೆಯ ಹೊಂಗೆ ಮರದ ಬುಡದಲ್ಲಿ ಕೂತು, ಅಲ್ಲಿಂದಲೇ ಯಜಮಾನಿಕೆ ನಡೆಸುತ್ತಿದ್ದಳು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ತಗಡು ಒತ್ತುವ ಪ್ರೆಸ್ ಶಾಪಿಗೆ ನಾಲ್ಕು ದಿನ ರಜ ಬರೆದುಕೊಟ್ಟು ಚೆಲುವಯ್ಯ ಒಳಗಿನ ಕೆಲಸಕ್ಕೆ ನಿಂತಿದ್ದ. ಕಾರ್ಖಾನೆ ಸೇರಿದ ಒಂಬತ್ತು ವರ್ಷದಿಂದ ಅವನು ಇಲ್ಲಿಗೆ ಕಾಲಿಡುತ್ತಿದ್ದದ್ದು ಸೊಪ್ಪಿನ ಹೊರೆ ಇಳಿಸುವುದಕ್ಕೆ ಮಾತ್ರ. ಹುಳದ ಸುಖದುಃಖವೆಲ್ಲ ಅವಳ ಪಾಲು. ಅವಳಿಗದನ್ನು ಕಲಿಸಿದವಳು ಅವನ ಅವ್ವ; ಶಿವಲಿಂಗಮ್ಮ ಅವನ ಅಕ್ಕನ ಮಗಳಾದ್ದರಿಂದ ಅವ್ವ ಅವಳಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ಗಂಡನನ್ನು ಅವಳು ಚಿಕ್ಕಂದಿನಿಂದ ಕರೆದ ಹಾಗೆ ಈಗಲೂ ಮಾವ ಎಂದೇ ಕರೆಯುತ್ತಿದ್ದಳು.

"ಸದ್ದು ಸಣ್ಣಗಾಯ್ತಿದ್ದಂಗೇ ಹೇಳ್ಬುಡು ಮಾವ. ಇವತ್ತೋ ನಾಳೆಯೋ ಹಣ್ಣಾಗಿ ಗೂಡು ಕಟ್ಟೋಕೆ ನಿಂತ್ಕತವೆ. ಹಣ್ಣಾಗಿದ್ದನ್ನ ಎತ್ತಿ ಚಂದ್ರಿಕೆಗೆ ಬುಡ್ದೆ ಹೋದ್ರೆ ಸೊಪ್ಪಿನ ಸಂದೀಲೇ ನೂಲು ಸುತ್ಕಂಡು ಎಲ್ಲಾ ಹಾಳಾಗೋಯ್ತದೆ."

"ನಂಗೊತ್ತಿಲ್ವಾ? ಹುಟ್ಟಿ ಬೆಳ್ದಿದ್ದೇ ಇದ್ರೊಳ್ಗೆ."

ಅದು ಸುಳ್ಳಲ್ಲ. ಬಿಸಿಲಲ್ಲಿ ಅಲೆಯಬಾರದು ಎಂದು ಅವ್ವ ಮಧ್ಯಾಹ್ನ ಅವನನ್ನು ಈ ತಟ್ಟೆಗಳ ಕೆಳಗೆ ತೇವದ ನೆಲದ ಮೇಲೆ ಚಾಪೆ ಹಾಸಿ ಮಲಗಿಸುತ್ತಿದ್ದಳು. ಕಣ್ಣು ಮುಚ್ಚಿದರೆ ಮೇಲೆ ಸೋನೆ ಹಿಡಿದುಕೊಳ್ಳುತ್ತಿತ್ತು. ಸಾವಿರಾರು ಸಣ್ಣ ಬಾಯಿಗಳು ಒಟ್ಟಿಗೆ ಎಲೆ ಕತ್ತರಿಸುವ ಸದ್ದು, ಹೆಂಚಿನ ಮೇಲೆ ಬೀಳುವ ಸೋನೆ ಮಳೆಗಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಳೆಯೇ ಎಂದು ನಂಬಿ ಎದ್ದು ಹೊರಗೆ ಓಡಿದರೆ ಅಂಗಳದಲ್ಲಿ ಸುಡುಬಿಸಿಲು, ಹಗ್ಗದ ಮೇಲೆ ಒಣಗಿ ಗರಿಗರಿಯಾದ ಅವ್ವನ ಸೀರೆ. ಮತ್ತೆ ಒಳಗೆ ಬಂದರೆ ಮತ್ತೆ ಸೋನೆ. ಎಷ್ಟು ಸಲ ಮೋಸ ಹೋದರೂ ಅವನಿಗೆ ಬೇಸರವಾಗುತ್ತಿರಲಿಲ್ಲ. ಒಂದು ದಿನ ಆ ಮಳೆ ತೆಳ್ಳಗಾಗುತ್ತಿತ್ತು, ಅಲ್ಲೊಂದು ಹನಿ ಇಲ್ಲೊಂದು ಹನಿ. ಆಚೆ ಒಲೆಯ ಮುಂದಿದ್ದ ಅವ್ವ ಮುದ್ದೆ ಕೋಲು ಅಲ್ಲೇ ಬಿಟ್ಟು, ಹಣ್ಣಾದ್ವು ಕಣ್ಲಾ ಎಂದು ಸೆರಗು ಸಿಕ್ಕಿಸಿಕೊಂಡು ಬರುತ್ತಿದ್ದಳು. ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳಬೇಕು ಎನ್ನುವುದು ಅವ್ವನ ಕಟ್ಟಪ್ಪಣೆ. ಕತ್ತಲ ಮನೆಯಲ್ಲಿ ಕಣ್ಣು ಏನು ಕಂಡೀತು. ಹದಿನೇಳನೆಯ ವಯಸ್ಸಿನಲ್ಲಿ ಗೂಡು ಮಾರಲು ಅಪ್ಪನ ಜೊತೆ ರಾಮನಗರಕ್ಕೆ ಹೋದವನು, ನೂಲು ತೆಗೆಯುವ ನಿಯಾಜ್‌ನ ಮನೆಯ ಹಿತ್ತಿಲಲ್ಲಿ, ಕುದಿಯುವ ಗೂಡಿನ ವಾಸನೆಗೆ ಮೂಗು ಮುಚ್ಚಿಕೊಂಡು ನಿಂತಿದ್ದಾಗ ಆ ಸೋನೆಯನ್ನು ಇನ್ನೊಂದು ಸಲ ಕೇಳಿದ. ನಿಯಾಜ್‌ನ ಅಣ್ಣ ಗಫಾರ್ ದುಬೈಯಿಂದ ಒಂದು ಟೇಪ್ ರೆಕಾರ್ಡರು, ಐದು ಕ್ಯಾಸೆಟ್ಟು ತಂದಿದ್ದ. ಒಂದನ್ನು ಹಾಕಿದರು. ಮೊದಲು ರಾಮದೇವರ ಬೆಟ್ಟದ ಕಡೆ ಬಂಡೆಗೆ ಮದ್ದಿಟ್ಟ ಹಾಗಾಯಿತು, ಆಮೇಲೆ ಯಾರೋ ಒಬ್ಬ ಗಂಟಲು ಹರಿಯುವ ಹಾಗೆ ಅರಚಿದ, ನೂಲು ತೆಗೆಯುತ್ತಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಚೆಲುವಯ್ಯನಿಗೆ ನಗು ಬರಲಿಲ್ಲ. ಅಷ್ಟೆಲ್ಲ ಬಂಡೆ ಉರುಳುವುದರ ಕೆಳಗೆ, ಆ ಅರಚಾಟದ ಹಿಂದೆ, ನಿಲ್ಲದೆ ಸೋನೆ ಬೀಳುತ್ತಿತ್ತು. ಡ್ರಮ್ಮಿನವನು ಕಂಚಿನ ತಟ್ಟೆಗಳ ಮೇಲೆ ಕಡ್ಡಿ ಆಡಿಸುತ್ತಾನೆ, ಅದಕ್ಕೆ ಸಿಂಬಲ್ ಎನ್ನುತ್ತಾರೆ ಎಂದು ಗಫಾರ್ ಹೇಳಿಕೊಟ್ಟದ್ದು ಆಮೇಲೆ.

ಅಲ್ಲಿಂದ ಹತ್ತಿಕೊಂಡ ಹುಚ್ಚು ಇಪ್ಪತ್ತು ವರ್ಷವಾದರೂ ಇಳಿದಿರಲಿಲ್ಲ. ಇನ್ನೂರು ಪುಟದ ಗೆರೆ ಪುಸ್ತಕವೊಂದನ್ನು ಇಟ್ಟುಕೊಂಡು, ಕೇಳಿದ ಒಂದೊಂದು ಆಲ್ಬಮ್ಮಿಗೂ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು, ಕೆಳಗೆ ತನ್ನ ಅಭಿಪ್ರಾಯ ಬರೆಯುತ್ತಿದ್ದ. ಆ ವಿದೇಶಿ ತಂಡಗಳ ಹೆಸರುಗಳನ್ನು ಕ್ಯಾಸೆಟ್ಟಿನ ರಟ್ಟಿನ ಮೇಲೆ ಓದುವುದು ಯಾವ ದೇವರಿಗೂ ಸಾಧ್ಯವಿರಲಿಲ್ಲ. ಅಕ್ಷರಗಳಿಗೆಲ್ಲ ಕೊಂಬೆ, ಮುಳ್ಳು, ಬೇರು. ಆದ್ದರಿಂದ ಅವನೇ ನಾಮಕರಣ ಮಾಡುತ್ತಿದ್ದ. ಮೊದಲು ಕೇಳಿದ್ದು 'ಮುಳ್ಳುಬೇಲಿ'. ಅದಕ್ಕೆ ತೊಂಬತ್ತೆಂಟು. "ಗಿಟಾರು ಬಂಡೆ ಒಡೆಯುತ್ತದೆ. ಒಡೆಯುವವನ ಬೆನ್ನ ಮೇಲೂ ಮಳೆ ಬೀಳುತ್ತಿದೆ, ಅದು ಅವನಿಗೆ ಗೊತ್ತಿಲ್ಲ. ಎರಡು ಅಂಕ ಕಳೆದದ್ದು ಕೊನೆಯ ಹಾಡಿನಲ್ಲಿ ಸುಮ್ಮನೆ ಉದ್ದ ಎಳೆದದ್ದಕ್ಕೆ." 'ಕರಿ ಡಬ್ಬ'ಕ್ಕೆ ನಲವತ್ತೊಂದು: "ಹಾಡುವವನಿಗೆ ಸಿಟ್ಟು ಬಂದಿಲ್ಲ, ಬಂದ ಹಾಗೆ ಮಾಡುತ್ತಾನೆ. ಸಿಟ್ಟು ಬಂದವನ ದನಿ ಒಂದು ಸಲವಾದರೂ ಒಡೆಯಬೇಕು." ಡ್ರಮ್ಮಿನ ಬದಲು ಕಾರ್ಖಾನೆಯ ಯಂತ್ರದ ಸದ್ದುಗಳನ್ನೇ ಕತ್ತರಿಸಿ ಹೊಲಿದ ಆಲ್ಬಮ್ಮುಗಳ ವಿಷಯದಲ್ಲಂತೂ ಅವನ ಕಿವಿ ಬಲು ನಿಷ್ಠುರ, ಯಾಕೆಂದರೆ ಅದು ಅವನ ಕಸುಬು. 'ಎಂಟನೇ ಪ್ರೆಸ್ಸು' ಎಂದು ಹೆಸರಿಟ್ಟಿದ್ದರ ಬಗ್ಗೆ ಎರಡು ಪುಟ ಬರೆದಿದ್ದ: "ಇವರಲ್ಲಿ ಯಾರೂ ಪ್ರೆಸ್ಸಿನ ಹತ್ತಿರ ನಿಂತವರಲ್ಲ. ನಿಜವಾದ ಪ್ರೆಸ್ಸು ಬೀಳುವ ಮುಂಚೆ ಒಂದು ಗಳಿಗೆ ಉಸಿರು ಎಳೆದುಕೊಳ್ಳುತ್ತದೆ. ಇಲ್ಲಿ ಬರೀ ಹೊಡೆತ, ಉಸಿರಿಲ್ಲ. ಮೂರನೆಯ ಹಾಡಿನಲ್ಲಿ ಮಾತ್ರ ಯಾರಿಗೋ ತಪ್ಪಿ ಉಸಿರು ಬಂದಿದೆ, ಅದಕ್ಕೆ ಐವತ್ತೈದು." ಏನೇ ಬರೆದರೂ ಕೊನೆಯ ಸಾಲು ಒಂದೇ ಪ್ರಶ್ನೆಗೆ ಉತ್ತರ. ಕೆಳಗೆ ಸೋನೆ ಇದೆಯೋ ಇಲ್ಲವೋ. ನಿಯಾಜ್ ಈಗ ಸ್ಟೇಷನ್ ರಸ್ತೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಇಡೀ ರಾಮನಗರದಲ್ಲಿ ಆ ಹಾಡು ಕೇಳುವವರು ಏಳೆಂಟು ಜನ, ಆ ಏಳೆಂಟು ಜನಕ್ಕೂ ಚೆಲುವಯ್ಯನ ಮಾತೇ ಕೊನೆಯ ಮಾತು. ಅವನು ಸೋನೆ ಇಲ್ಲ ಎಂದು ಬರೆದರೆ ನಿಯಾಜ್ ಅದನ್ನು ಕಾಪಿ ಮಾಡುವುದನ್ನೇ ನಿಲ್ಲಿಸಿಬಿಡುತ್ತಿದ್ದ. ಹಿಂದಿನ ಎರಡು ವರ್ಷದಲ್ಲಿ ಅವನು ಹದಿನಾಲ್ಕು ಆಲ್ಬಮ್ಮು ಕೇಳಿದ್ದ. ಹದಿನಾಲ್ಕಕ್ಕೂ ಸೋನೆ ಇಲ್ಲ. ಈಗಿನವರಿಗೆ ಸಿಂಬಲ್ ಮುಟ್ಟಲು ಸೋಮಾರಿತನ, ಲೋಕವೇ ಹೀಗಾಗಿದೆ ಎಂದು ಷರಾ ಬರೆದಿದ್ದ.

"ಮಾವ, ಸೊಪ್ಪು ತಂದು ಗೆರೆ ಹತ್ರ ಇಟ್ಟಿವ್ನಿ. ಮಧ್ಯಾಹ್ನದ್ದು ಹಾಕ್ಬುಡು."

ಅವನು ಹೊರಗೆ ಹೋಗಿ ಸೊಪ್ಪಿನ ಮಂಕರಿ ಎತ್ತಿಕೊಂಡ. ಅವಳು ಮರದ ಕೆಳಗೆ ಕೂತು ಚಂದ್ರಿಕೆಯ ದೂಳು ಜಾಡಿಸುತ್ತಿದ್ದಳು. ಬಿದಿರಿನ ದಬ್ಬೆಯನ್ನು ಸುರುಳಿ ಸುರುಳಿಯಾಗಿ ಕಟ್ಟಿದ ಅಗಲ ಚಾಪೆ ಅದು, ಹಣ್ಣಾದ ಹುಳ ಅದರ ಸಂದಿಗಳಲ್ಲಿ ಗೂಡು ಕಟ್ಟುತ್ತದೆ. ಅವಳ ಕೈ ಬರಿದಾಗಿ ಕಂಡಿತು. ಕೈಗೆ ಒಂದೊಂದೇ ಬಳೆ. ಮದುವೆಯಾದ ಹೊಸತರಲ್ಲಿ ಆ ಕೈಗಳಲ್ಲಿ ಡಜನ್ ಡಜನ್ ಹಸಿರು ಗಾಜಿನ ಬಳೆಯಿರುತ್ತಿತ್ತು. ಒಂದೇ ಹಜಾರ, ನಡುವೆ ಅವ್ವನ ಹಾಸಿಗೆ. ಅಜ್ಜಿಯ ಎದುರಿಗೆ ಗಂಡನನ್ನು ಮಾತಾಡಿಸಲು ಅವಳಿಗೆ ನಾಚಿಕೆ. ಏನಾದರೂ ಹೇಳುವುದಿದ್ದರೆ ಅವಳು ಬಾಗಿಲ ಸಂದಿಯಲ್ಲಿ ನಿಂತು ಒಂದೇ ಸಲ ಮುಂಗೈ ಅಲ್ಲಾಡಿಸುತ್ತಿದ್ದಳು. ಅವನು ಎಲ್ಲಿದ್ದರೂ ತಿರುಗುತ್ತಿದ್ದ. ದನದ ಕೊಟ್ಟಿಗೆಯಲ್ಲಿದ್ದರೂ ತಿರುಗುತ್ತಿದ್ದ, ಕ್ಯಾಸೆಟ್ಟು ಹಾಕಿಕೊಂಡು ಕೂತಿದ್ದರೂ ತಿರುಗುತ್ತಿದ್ದ. ಅವ್ವ ಹೋದ ಮೇಲೂ, ಮಗಳು ಹುಟ್ಟಿ ಬೆಳೆದು ಕನಕಪುರದ ಹಾಸ್ಟೆಲಿಗೆ ಹೋದ ಮೇಲೂ ಅದೇ ರೂಢಿ ನಡೆದಿತ್ತು. ಆಮೇಲೆ ಯಾವಾಗಲೋ ಅದು ನಿಂತಿತು. ಅವಳು ಮಾತೂ ಕಮ್ಮಿ ಮಾಡಿದಳು. ವಯಸ್ಸಾಯಿತು, ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ, ಆದರೂ ಒಳಗೊಳಗೇ ನೋಯುತ್ತಿತ್ತು.

ಸೊಪ್ಪು ಹರವುತ್ತ ಅವನು ಒಂದು ತಟ್ಟೆಯ ಮುಂದೆ ನಿಂತುಬಿಟ್ಟ. ಬೆಳಗಿನ ಸೊಪ್ಪು ಹಾಗೇ ಇತ್ತು. ಅಂಚು ಬಾಡಿದೆ, ಎಲೆ ಇಡೀ ಇದೆ. ಪಕ್ಕದ್ದರಲ್ಲಿ ನೋಡಿದ, ಅಲ್ಲಿಯೂ ಹಾಗೇ. ಹುಳ ಮೇವು ಬಿಟ್ಟಿದೆ. ರೋಗ. ಹುಳದ ಮನೆಯಲ್ಲಿ ಗದ್ದಲ ಮಾಡಬಾರದು, ಸೀನುವುದಾದರೂ ಆಚೆ ಹೋಗಿ ಸೀನಬೇಕು ಎಂದು ಹೇಳಿ ಬೆಳೆಸಿದ್ದಳು ಅವ್ವ. ನಿನ್ನೆ ಅವನು ಇಲ್ಲೇ, ಇದೇ ನೆಲದ ಮೇಲೆ, ಟೇಪ್ ರೆಕಾರ್ಡರನ್ನು ಪೂರ್ತಿ ದನಿಗಿಟ್ಟು 'ಮುಳ್ಳುಬೇಲಿ' ಹಾಕಿದ್ದ.

ಹಾಕಿದ್ದು ಷೋಕಿಗಲ್ಲ. ಹಿಂದಿನ ಭಾನುವಾರ ಅಂಗಡಿಗೆ ಹೋಗಿದ್ದಾಗ ನಿಯಾಜ್ ಹದಿನಾಲ್ಕನೆಯ ಆಲ್ಬಮ್ಮು ಹಾಕಿ, ಇವನ ಗೆರೆ ಪುಸ್ತಕ ಬಿಚ್ಚಿಕೊಂಡು, ಹುಬ್ಬು ಗಂಟಿಕ್ಕಿ ಕೂತಿದ್ದ.

"ಲೇ ಚೆಲುವ, ಇದಕ್ಕೆ ಸೋನೆ ಇಲ್ಲ ಅಂತ ಬರ್ದಿದೀಯಲ್ಲ. ಒಸಿ ಸರಿಯಾಗಿ ಕೇಳ್ಲಾ."

"ಕೇಳೇ ಬರ್ದಿರೋದು."

"ಉದ್ದಕ್ಕೂ ಅದೇ ಐತೆ ಕಣ್ಲಾ. ಬೇರೇನೂ ಇಲ್ಲ, ಬರೀ ಸಿಂಬಲ್ಲೇ. ನಮ್ ಮುನ್ನೀ ತಲೆನೋವು ಅಂತ ಎದ್ದೋದ್ಲು."

ಮುನ್ನೀ ನಿಯಾಜ್‌ನ ಹೆಂಡತಿ. ಚೆಲುವಯ್ಯ ಸ್ಪೀಕರ್ ಪೆಟ್ಟಿಗೆಯ ಹತ್ತಿರಕ್ಕೆ ಮುಖ ತಂದು ಕೇಳಿದ. ಬಂಡೆ ಉರುಳುತ್ತಿತ್ತು, ಪ್ರೆಸ್ಸು ಬೀಳುತ್ತಿತ್ತು, ಒಬ್ಬ ಅಳುತ್ತಿದ್ದ. ಮೇಲೆ ಆಕಾಶ ಖಾಲಿ. "ನಂಗೆ ಕೊಟ್ಟ ಕಾಪಿ ಬೇರೆ ಇರ್ಬೇಕು" ಅಂದ. ನಿಯಾಜ್ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಮುಂದೆ ಏನೂ ಕೇಳದೆ, ಟೀ ತರಿಸಿದ. ಕೇಳದೆ ಬಿಟ್ಟದ್ದೇ ಚೆಲುವಯ್ಯನಿಗೆ ಹೆಚ್ಚು ಅವಮಾನವಾಯಿತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಿಟಕಿಯ ಗಾಜಿನಲ್ಲಿ ಕಾರ್ಖಾನೆಗೆ ಬಂದಿದ್ದ ಆ ವ್ಯಾನೇ ಕಾಣುತ್ತಿತ್ತು. ವರ್ಷಕ್ಕೊಂದು ಸಲ ಕಿವಿ ಪರೀಕ್ಷೆಯ ವ್ಯಾನು ಬರುತ್ತದೆ. ಕಿರಿದಾದ ಪೆಟ್ಟಿಗೆಯಲ್ಲಿ ಕೂರಿಸಿ, ಕಿವಿಗೆ ಮುಚ್ಚಳ ಹಾಕಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎನ್ನುತ್ತಾಳೆ ಒಬ್ಬ ಹುಡುಗಿ. ದಪ್ಪ ಸದ್ದು ಮುಗಿದು ಸಣ್ಣದಕ್ಕೆ ಬರುವ ಹೊತ್ತಿಗೆ ಅವನಿಗೆ ಏನೂ ಕೇಳಲಿಲ್ಲ. ಗಾಜಿನಾಚೆ ಅವಳು ಸದ್ದು ಬಿಡುವಾಗ ಭುಜ ಒಂದಿಷ್ಟು ಅಲುಗುತ್ತದೆ ಎನ್ನುವುದನ್ನು ಮಾತ್ರ ಅವನ ಕಣ್ಣು ಹಿಡಿಯಿತು. ಭುಜ ಅಲುಗಿದಾಗಲೆಲ್ಲ ಒತ್ತಿದ. "ಈ ವಯಸ್ಸಿಗೆ ತುಂಬಾ ಚೆನ್ನಾಗಿದೆ ಅಂಕಲ್ ನಿಮ್ಮ ಕಿವಿ" ಎಂದಳು ಆ ಪುಣ್ಯಾತ್ಗಿತ್ತಿ. ಹಿಂದೆ ಸಾಲಿನಲ್ಲಿದ್ದವರು ಭೇಷ್ ಎಂದರು. ಕಾರ್ಖಾನೆಯವರು ಕೊಟ್ಟ ಹತ್ತಿಯಂಥ ಕಿವಿಬಿರಡೆ ಒಂಬತ್ತು ವರ್ಷವೂ ಅವನ ಅಂಗಿಯ ಜೇಬಿನಲ್ಲೇ ಇತ್ತು. ಕೇಳಲು ಬಾರದವರಿಗೆ ಬಿರಡೆ, ತನಗೇಕೆ ಎಂಬ ಜಂಬ. ಎಂಟನೇ ಪ್ರೆಸ್ಸಿನ ಉಸಿರು ಕೇಳಲು ಅವನು ಅದರ ಪಕ್ಕದಲ್ಲೇ ನಿಲ್ಲುತ್ತಿದ್ದ.

ಅದಕ್ಕೇ ನಿನ್ನೆ, ಶಿವಲಿಂಗಮ್ಮ ಕೆರೆಗೆ ಬಟ್ಟೆ ತೆಗೆದುಕೊಂಡು ಹೋದ ಸಮಯ ನೋಡಿ, ಹುಳದ ಮನೆಯ ಬಾಗಿಲು ಹಾಕಿಕೊಂಡು 'ಮುಳ್ಳುಬೇಲಿ' ಹಾಕಿದ. ಹೊಸಬರು ಸೋಮಾರಿಗಳೇ ಆಗಲಿ, ತೊಂಬತ್ತೆಂಟು ಅಂಕದ ಆಲ್ಬಮ್ಮು ಮೋಸ ಮಾಡುವುದಿಲ್ಲವಲ್ಲ. ಒಂದೊಂದು ಹಾಡಿನಲ್ಲಿ ಎಲ್ಲಿ ಸೋನೆ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ಅವನಿಗೆ ತನ್ನ ಅಂಗೈಯಷ್ಟೇ ಗೊತ್ತು. ಹಿಡಿಯಬೇಕಾದ ಜಾಗ ಬಂತು, ಹೋಯಿತು. ಹಿಡಿಯಲಿಲ್ಲ. ದನಿ ಏರಿಸಿದ. ತಟ್ಟೆಗಳು ನಡುಗಿದವು, ಹುಳಗಳು ತಲೆ ಎತ್ತಿ ಎತ್ತಿ ಆಡಿಸಿದವು. ಬಂಡೆ ಒಡೆಯುವವನು ಒಣಬಿಸಿಲಿನಲ್ಲಿ ಒಬ್ಬನೇ ನಿಂತು ಒಡೆಯುತ್ತಿದ್ದ. ಚೆಲುವಯ್ಯ ನೆಲದ ಮೇಲೆ ಕೂತು ಎರಡೂ ಬದಿ ಮುಗಿಯುವವರೆಗೆ ಕೇಳಿ, ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ. ಬಂಡೆಯ ಮೇಲೆ ಮಳೆ ನಿಂತು ಎರಡು ವರ್ಷವಾಗಿತ್ತು, ಅವನು ಬೇರೆಯವರನ್ನು ಬೈದುಕೊಂಡು ತಿರುಗುತ್ತಿದ್ದ.

ಈಗ ಅವನಿಗೆ ಏನು ಮಾಡಲೂ ತೋಚಲಿಲ್ಲ. ಬೆಳಗಿನ ಸೊಪ್ಪನ್ನೆಲ್ಲ ಬಾಚಿ ಬುಟ್ಟಿಗೆ ತುಂಬಿದ, ಕಾಣದ ಹಾಗೆ ಹಿತ್ತಿಲ ತಿಪ್ಪೆಗೆ ಸುರಿದು ಬಂದರಾಯಿತು ಎಂದುಕೊಂಡ. ಬಲೆ ಸರಿಸಿ ಹೊರಗೆ ಬಂದರೆ ಶಿವಲಿಂಗಮ್ಮ ಎದ್ದು ಗೆರೆಯ ಹತ್ತಿರವೇ ನಿಂತಿದ್ದಳು. ಅವಳ ಕಣ್ಣು ಬುಟ್ಟಿಗೆ ಹೋಯಿತು.

"ಇದೇನ್ ಮಾವ, ಸೊಪ್ಪೆಲ್ಲ ಹಂಗೇ ಐತೆ."

ಅವನು ಬುಟ್ಟಿಯನ್ನು ಪಕ್ಕಕ್ಕೆ ಮರೆಮಾಡಲು ನೋಡಿದ.

"ಜೋರಾಗಿ ಮೇಯ್ತಾವೆ ಅಂದ್ಯಲ್ಲ. ಇಲ್ಲಿಗಂಟ ಬಂದು ಕೇಳ್ದೆ, ಒಂದು ಚೂರೂ ಸದ್ದಿಲ್ಲ ಒಳ್ಗೆ. ಯಾಕಂಗಂದೆ?"

"ಲಿಂಗಿ, ಹುಳ ನಾನೇ ಕೆಡಿಸ್ಬುಟ್ಟೆ" ಎಂದ ಅವನು. ಬುಟ್ಟಿಯನ್ನು ಕೆಳಗಿಡಲೂ ಮರೆತು, ಅದನ್ನು ಎದೆಗೆ ಅವುಚಿಕೊಂಡೇ, ನಿನ್ನೆ ಟೇಪು ಹಾಕಿದ್ದನ್ನು ಹೇಳಿದ. ಯಾಕೆ ಹಾಕಿದೆ ಎಂದು ಅವಳು ಕೇಳುವ ಮುಂಚೆ ಮಿಕ್ಕಿದ್ದೂ ಬಾಯಿಂದ ಬಂದುಬಿಟ್ಟಿತು. "ನಂಗೆ ಕೇಳ್ಸಲ್ಲ ಕಣೆ. ಮಾತು ಕೇಳ್ತದೆ, ಬಸ್ಸು ಕೇಳ್ತದೆ. ಸಣ್ಣ ಸದ್ದು ಒಂದೂ ಕೇಳ್ಸಲ್ಲ. ಹುಳ ಮೇಯೋದು ಕೇಳ್ಸಲ್ಲ. ಎರಡು ವರ್ಸ ಆಯ್ತು."

ಎರಡು ವರ್ಷ ಎಂದದ್ದಕ್ಕೆ ಅವಳ ಮುಖದಲ್ಲಿ ಏನೋ ಆಯಿತು. ಹುಳದ ವಿಷಯವನ್ನೇ ಮರೆತವಳ ಹಾಗೆ ಕೈಯ ಒಂಟಿ ಬಳೆ ಮುಟ್ಟಿಕೊಂಡಳು. ಹೊಂಗೆ ಮರದ ನೆರಳು ಅವಳ ಹೆಗಲ ಮೇಲೆ ಅಲುಗುತ್ತಿತ್ತು. ರಸ್ತೆಯಲ್ಲಿ ಹಾರೋಹಳ್ಳಿಯ ಬಸ್ಸು ಹೋಯಿತು, ಅದು ಅವನಿಗೂ ಕೇಳಿಸಿತು.

"ಬಳೆ ಸದ್ದು?" ಎಂದಳು.

"ಯಾವ ಬಳೆ?"

"ನನ್ ಬಳೆ ಸದ್ದು ಕೇಳ್ತಿರ್ನಿಲ್ವಾ ನಿಂಗೆ?"

"ನೀನೆಲ್ಲಿ ಆಡಿಸ್ದೆ? ಬುಟ್ಬುಟ್ಟಲ್ಲ. ಯಾಕೆ ಬುಟ್ಳೋ ಅಂತ ನಾನೂ ಸುಮ್ಗಾದೆ."

"ನಾನೆಲ್ಲಿ ಬುಟ್ಟೆ ಮಾವ" ಎಂದಳು ಶಿವಲಿಂಗಮ್ಮ. ದನಿ ಒಡೆಯಿತು. "ಒಂದ್ ವರ್ಸ ಆಡುಸ್ದೆ. ಬಾಗ್ಲಲ್ಲಿ ನಿಂತ್ಕಂಡು ಆಡುಸ್ತಿದ್ದೆ, ನೀನು ಕಲ್ಲಿನಂಗೆ ಆ ಕಡೆ ತಿರುಕ್ಕಂಡು ಕೂತಿರ್ತಿದ್ದೆ. ನಾನು ಬ್ಯಾಡವಾದೆ ಅಂದ್ಕಂಡೆ. ಮಾನ ಹೋದಂಗಾಗೋದು. ಅದಕ್ಕೇ ಕೈಗೊಂದು ಬುಟ್ಟು ಮಿಕ್ಕ ಬಳೇನೆಲ್ಲ ತಗದಾಕ್ದೆ."

ಚೆಲುವಯ್ಯನಿಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಗೆರೆ ಪುಸ್ತಕದಲ್ಲಿ ಬರೆದಿರಲಿಲ್ಲ ಅಷ್ಟೇ. ಇವಳ ಹೆಸರಿನ ಕೆಳಗೂ ಮನಸ್ಸಿನಲ್ಲಿ ಸೋನೆ ಇಲ್ಲ ಎಂಬ ಅದೇ ಷರಾ ಬರೆದು ಮುಚ್ಚಿಟ್ಟಿದ್ದ. "ನಾನು ಕೇಳ್ಬೇಕಾಗಿತ್ತು" ಅಂದ. ಬಾಯಿಬಿಟ್ಟು ಕೇಳಬೇಕಾಗಿತ್ತು ಎಂಬ ಅರ್ಥದಲ್ಲಿ ಅಂದದ್ದು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡ ರಭಸಕ್ಕೆ ಮುಖವೆಲ್ಲ ಕೆಂಪಾಯಿತು.

"ಅದಿರ್ಲಿ. ಒಂದು ಹುಳ ತತ್ತಾ ಇಲ್ಲಿ. ಬಲೆ ಹತ್ರ ಬೆಳಕಿಗೆ ಹಿಡಿ."

"ಸತ್ತೋಗವೆ ಕಣೆ."

"ನಿನ್ ಆ ಹಾಡಿಗೆಲ್ಲ ಸಾಯೋಂಗಿದ್ರೆ ನಾನು ಎಂದೋ ಸಾಯ್ಬೇಕಾಗಿತ್ತು. ಹಿಡಿ ಅಂದ್ರೆ ಹಿಡಿ."

ಅವನು ಒಳಗೆ ಹೋಗಿ ಎರಡು ಬೆರಳಿನಲ್ಲಿ ಒಂದು ಹುಳ ಎತ್ತಿಕೊಂಡು ಬಲೆಯ ಹಿಂದೆ ನಿಂತ. ಅವಳು ಗೆರೆಯ ಮೇಲೆ ತುದಿಗಾಲಿನಲ್ಲಿ ನಿಂತು ನೋಡಿದಳು.

"ಕತ್ತು ಮೇಲಕ್ಕೆತ್ತೈತಾ?"

"ಎತ್ತೈತೆ. ಆ ಕಡೆ ಈ ಕಡೆ ಆಡುಸ್ತೈತೆ."

"ಮೈ?"

ಅವನು ಅದನ್ನು ಬಿಸಿಲಿಗೆ ಇನ್ನಷ್ಟು ಹತ್ತಿರ ಹಿಡಿದ. ನಿನ್ನೆಯವರೆಗೆ ಬಿಳಿಯಾಗಿದ್ದದ್ದು ಈಗ ತಿಳಿಹಳದಿಯಾಗಿತ್ತು, ಅದರ ಮೈ ದಾಟಿ ಬೆಳಕು ಅವನ ಬೆರಳ ಮೇಲೆ ಬೀಳುತ್ತಿತ್ತು. ಬಾಯಿಂದ ಒಂದು ಎಳೆ ಹೊರಟು ಅವನ ಹೆಬ್ಬೆರಳಿನ ಉಗುರಿಗೆ ಅಂಟಿಕೊಂಡಿತು.

"ಗಾಜಿನಂಗೈತೆ."

"ಹಣ್ಣಾಗವೆ" ಎಂದಳು ಶಿವಲಿಂಗಮ್ಮ. "ಹಣ್ಣಾಗಿ ಮೇವು ಬುಟ್ಟವೆ, ಅಷ್ಟೆ. ಬೆಳಗ್ಗೇನೇ ಆಗವೆ. ಬೇಗ ಕೈ ಹಾಕು ಇನ್ನ, ಸುಮ್ಕೆ ನಿಂತ್ಕಬ್ಯಾಡ."

ಆಮೇಲಿನ ಹೊತ್ತು ಹೇಗೆ ಹೋಯಿತೋ ಅವನಿಗೆ ಸರಿಯಾಗಿ ನೆನಪಿಲ್ಲ. ಅವಳು ಒಂದೊಂದೇ ಚಂದ್ರಿಕೆಯನ್ನು ಗೆರೆಯಿಂದ ಈಚೆಗೆ ತಳ್ಳುವುದು, ಅವನು ಒಳಗೆ ತಂದು ಗೋಡೆಗೆ ಒರಗಿಸುವುದು, ತಟ್ಟೆಯಿಂದ ಹಣ್ಣುಹುಳ ಆಯ್ದು ಅದರ ಸಂದಿಗಳಿಗೆ ಬಿಡುವುದು. ಇಷ್ಟಿಷ್ಟು ದೂರಕ್ಕೊಂದು ಬುಡು, ಒತ್ತಾಗಿ ಬುಟ್ರೆ ಜೋಡಿಗೂಡು ಕಟ್ತವೆ ಎಂದು ಅವಳು ಹೊರಗಿನಿಂದ ಕೂಗಿ ಹೇಳುತ್ತಿದ್ದಳು. ಕೂಗುವುದರಲ್ಲಿ ಈಗ ಅವಳಿಗೆ ಸಂಕೋಚವಿರಲಿಲ್ಲ. ಮೂರು ತಟ್ಟೆಗಳಲ್ಲಿ ಹುಳಗಳು ಆಗಲೇ ಬಾಡಿದ ಸೊಪ್ಪಿನೊಳಗೆ ನೂಲು ಸುತ್ತಿಕೊಂಡು ಕೂತಿದ್ದವು. ಅವು ಅವನ ಸುಳ್ಳಿನ ಪಾಲಿಗೆ ಹೋದವು, ಅದನ್ನೂ ಅವನು ಮುಚ್ಚಿಡದೆ ಹೇಳಿದ. ಆಗ್ಲಿ, ಮಿಕ್ಕಿದ್ದು ನೋಡು ಎಂದಳು. ಬೆರಳುಗಳ ನಡುವೆ ಹುಳಗಳ ತಣ್ಣಗಿನ ಮೈ ಹರಿದಾಡುತ್ತಿತ್ತು. ನಿಯಾಜ್‌ಗೆ ಹೇಳಬೇಕು, ಆ ಹದಿನಾಲ್ಕನ್ನೂ ಪಕ್ಕದಲ್ಲಿ ಕೂತು ಅವನೇ ಕೇಳಿ ಹೇಳಲಿ, ತಾನು ಬರೆದುಕೊಳ್ಳುವುದು ಎಂದುಕೊಂಡ. ರಜ ಮುಗಿದ ಮೇಲೆ ಜೇಬಿನ ಬಿರಡೆ ಕಿವಿಗೆ ಹೋಗಬೇಕು. ಉಳಿದಿರುವುದಾದರೂ ಉಳಿಯಲಿ. ಮೊದಲು ಬಿಟ್ಟ ಹುಳಗಳು ಚಂದ್ರಿಕೆಯಲ್ಲಿ ತಲೆ ಆಡಿಸಿ ಆಡಿಸಿ ತಮ್ಮ ಸುತ್ತ ಮಂಜಿನಂಥ ಪರದೆ ಕಟ್ಟಿಕೊಳ್ಳುತ್ತಿದ್ದವು. ಅದಕ್ಕೂ ಸದ್ದಿದ್ದೀತೇನೋ, ಅವ್ವ ಇದ್ದಿದ್ದರೆ ಕೇಳಬಹುದಿತ್ತು.

ಬಿಸಿಲು ಇಳಿದು ಬಾಗಿಲಿನಿಂದ ಓರೆಯಾಗಿ ಒಳಗೆ ಬರತೊಡಗಿತು. ಅವನು ಬಾಗಿಲಿಗೆ ಬೆನ್ನು ಹಾಕಿ ಕೊನೆಯ ತಟ್ಟೆಯ ಮೇಲೆ ಬಗ್ಗಿದ್ದ. ನೆಲದ ಮೇಲೆ, ಅವನ ಕಾಲಿನ ಹತ್ತಿರ, ಬಲೆಯ ಸಣ್ಣ ಸಣ್ಣ ಚೌಕದ ನೆರಳಿನ ನಡುವೆ ಒಂದು ಕೈಯ ನೆರಳು ಬಂತು. ಮುಂಗೈ ಒಂದು ಸಲ ಅಲ್ಲಾಡಿತು, ಅದರ ಮೇಲೆ ತೆಳ್ಳಗಿನ ಒಂದು ಉಂಗುರ ಮೇಲಕ್ಕೆ ಹೋಗಿ ಕೆಳಕ್ಕೆ ಬಂತು. ಚೆಲುವಯ್ಯ ತಿರುಗಿದ. ಶಿವಲಿಂಗಮ್ಮ ಗೆರೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೈ ಎತ್ತಿಕೊಂಡು ನಿಂತಿದ್ದಳು.

"ಏನೇ?"

"ಏನಿಲ್ಲ" ಎಂದಳು. "ತಿರುಗ್ತೀಯೋ ಇಲ್ವೋ ನೋಡ್ದೆ."